ಸ್ವಲೀನತೆಯುಳ್ಳ ಮಕ್ಕಳ ದೇಹಾರೋಗ್ಯ: ಶಾಲೆ ಮತ್ತು ಪ್ರಸಾದನಿಲಯಗಳು ಗಮನಿಸಬೇಕಾದ ಅಂಶಗಳು

ವಿದ್ಯೆಯ ಬೆಳವಣಿಗೆಗೆ ದೇಹಾರೋಗ್ಯವೇ ತಳಹದಿಯೆಂಬುದನ್ನು ಶಿಕ್ಷಣಕ್ಷೇತ್ರದಲ್ಲಿರುವವರೆಲ್ಲರೂ ಬಲ್ಲರು. ತರಗತಿಯಲ್ಲಿ ಮಂಕಾಗಿ ಕುಳಿತ ಬಾಲಕನನ್ನು ಕಂಡೊಡನೆ ಉಪಾಧ್ಯಾಯರು ಕೇಳುವ ಮೊದಲ ಪ್ರಶ್ನೆ, “ಯಾಕಪ್ಪ, ಮೈಯಲ್ಲಿ ಹುಷಾರಿಲ್ಲವೆ?” ಎಂಬುದೇ ಆಗಿರುತ್ತದೆ. ಈ ಸಹಜವಾದ ಪ್ರಶ್ನೆಯು ಒಂದು ವರ್ಗದ ಮಕ್ಕಳ ವಿಷಯದಲ್ಲಿ ಅನೇಕ ವೇಳೆ ಕೇಳದೆಯೇ ಉಳಿದುಬಿಡುತ್ತದೆ. ಅವರೇ ಸ್ವಲೀನತೆಯುಳ್ಳ, ಅಂದರೆ ಆಟಿಸಂ ಇರುವ ಮಕ್ಕಳು.

ಸ್ವಲೀನತೆಯು ಹುಟ್ಟಿನಿಂದ ಬರುವ ಬೆಳವಣಿಗೆಯ ಭಿನ್ನತೆ. ಮಾತು, ಸಂಜ್ಞೆ, ಇತರರೊಡನೆ ಬೆರೆಯುವ ರೀತಿ, ಶಬ್ದ, ಬೆಳಕು, ಸ್ಪರ್ಶಗಳನ್ನು ಗ್ರಹಿಸುವ ಬಗೆ, ಇವುಗಳಲ್ಲಿ ಈ ಮಕ್ಕಳು ಉಳಿದವರಿಗಿಂತ ಬೇರೆಯಾಗಿರುತ್ತಾರೆ. ಕೆಲವರಿಗೆ ಮಾತೇ ಬಾರದು. ಕೆಲವರು ಓದಿನಲ್ಲಿ ಮುಂದಿರುತ್ತಾರೆ. ಆದರೆ ಎಲ್ಲ ಮಕ್ಕಳಂತೆ ಇವರಿಗೂ ಹಲ್ಲುನೋವು ಬರುತ್ತದೆ, ಕಿವಿ ಸೋರುತ್ತದೆ, ಹೊಟ್ಟೆ ಕಟ್ಟುತ್ತದೆ. ಆಗ ಅವರು ತೋರುವ ಚಡಪಡಿಕೆಯನ್ನು ಕಂಡು, “ಅದು ಅವನ ಸ್ವಭಾವ, ಆಟಿಸಂ ಮಗು ಅಲ್ಲವೇ” ಎಂದು ಸುತ್ತಲಿನವರು ಸುಮ್ಮನಾಗುವುದುಂಟು. ಈ ಒಂದು ಮಾತಿನಿಂದಾಗಿ ಗುಣಪಡಿಸಬಹುದಾದ ಎಷ್ಟೋ ಕಾಯಿಲೆಗಳು ವರ್ಷಗಟ್ಟಲೆ ಮರೆಯಾಗಿ ಉಳಿಯುತ್ತವೆ. ಕೆಲವೊಮ್ಮೆ ಪ್ರಾಣಕ್ಕೂ ಎರವಾಗುತ್ತವೆ. ಇದು ಹೇಗೆ ಸಂಭವಿಸುತ್ತದೆ, ಶಾಲೆಯವರು ಇದನ್ನು ಹೇಗೆ ತಡೆಯಬಹುದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲ ವರದಿಯಲ್ಲಿಯೇ ಕಂಡ ಲಕ್ಷಣ

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಸ್ವಲೀನತೆಯ ಆಧುನಿಕ ಅಧ್ಯಯನವು ಆರಂಭವಾಯಿತೆಂದು ಹೇಳುವುದು ವಾಡಿಕೆ. ಆ ಹನ್ನೊಂದು ಮಕ್ಕಳಲ್ಲಿ ಆರು ಮಂದಿಗೆ ಶೈಶವದಿಂದಲೇ ಆಹಾರ ಸೇವನೆಯಲ್ಲಿ ತೀವ್ರ ತೊಂದರೆಯಿತ್ತು. ಒಂದು ಮಗು ಮೊದಲ ವರ್ಷವಿಡೀ ಬಹಳವಾಗಿ ವಾಂತಿ ಮಾಡಿಕೊಳ್ಳುತ್ತಿತ್ತು. ಇನ್ನೊಂದಕ್ಕೆ ಒಂದು ವರ್ಷದವರೆಗೆ ನಳಿಕೆಯ ಮೂಲಕವೇ ಆಹಾರ ಕೊಡಬೇಕಾಗಿತ್ತು. ಕ್ಯಾನರ್ ಅವರು ಇದನ್ನೆಲ್ಲ ಶ್ರದ್ಧೆಯಿಂದ ದಾಖಲಿಸಿದರು. ಆದರೆ ಅದಕ್ಕೆ ಅವರು ಕೊಟ್ಟ ವಿವರಣೆ ಬೇರೆಯಾಗಿತ್ತು. ಹೊರಜಗತ್ತನ್ನು ದೂರವಿಡಬೇಕೆಂಬ ಹಂಬಲದಿಂದ ಈ ಮಕ್ಕಳು ಆಹಾರವನ್ನು ನಿರಾಕರಿಸುತ್ತಾರೆಂದು ಅವರು ಭಾವಿಸಿದರು. ಜಠರ, ಅನ್ನನಾಳ, ಕರುಳುಗಳ ಕಡೆಗೆ ಹೋಗಬೇಕಾಗಿದ್ದ ದೃಷ್ಟಿಯು ಮನಸ್ಸಿನ ಕಡೆಗೆ ತಿರುಗಿತು. ಆ ಕಾಲದ ತಿಳಿವಳಿಕೆಯ ಮಿತಿಯನ್ನು ಗಮನಿಸಿದರೆ ಅವರನ್ನು ದೂಷಿಸಲಾಗದು. ಆದರೆ ಅದೇ ಬಗೆಯ ತರ್ಕವು ಎಂಟು ದಶಕಗಳ ಅನಂತರವೂ ಮನೆ, ಶಾಲೆ, ಆಸ್ಪತ್ರೆಗಳಲ್ಲಿ ಉಳಿದುಕೊಂಡಿರುವುದು ವಿಷಾದದ ಸಂಗತಿ.

1982ರಲ್ಲಿ ಸ್ಟೀವನ್ ರೀಸ್ ಮತ್ತು ಅವರ ಸಂಗಡಿಗರು ಈ ದೋಷಕ್ಕೆ ಒಂದು ಹೆಸರು ಕೊಟ್ಟರು. ಅದನ್ನು ಕನ್ನಡದಲ್ಲಿ ‘ರೋಗನಿರ್ಣಯದ ನೆರಳು’ ಎನ್ನಬಹುದು. ಬುದ್ಧಿಮಾಂದ್ಯವೆಂಬ ಒಂದು ಹೆಸರು ಅಂಟಿಕೊಂಡ ಮೇಲೆ, ಆ ವ್ಯಕ್ತಿಗೆ ಬಂದಿರುವ ಮಾನಸಿಕ ಕಾಯಿಲೆಯು ಪರೀಕ್ಷಕರ ಕಣ್ಣಿಗೆ ಬೀಳುವುದಿಲ್ಲವೆಂಬುದನ್ನು ಅವರು ತೋರಿಸಿದರು. ಹಳೆಯ ಹೆಸರಿನ ನೆರಳು ಹೊಸ ಕಾಯಿಲೆಯ ಮೇಲೆ ಬಿದ್ದು ಅದನ್ನು ಮುಚ್ಚಿಬಿಡುತ್ತದೆ. ಮುಂದೆ ಈ ತತ್ತ್ವವು ದೇಹದ ಕಾಯಿಲೆಗಳಿಗೂ, ಸ್ವಲೀನತೆಗೂ ಅಷ್ಟೇ ಅನ್ವಯಿಸುತ್ತದೆಂಬುದು ಕಂಡುಬಂದಿತು.

ನೋವು ಏಕೆ ಮರೆಯಾಗುತ್ತದೆ?

ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಮಾತಿನ ಕೊರತೆ. ಮಾತು ಬಾರದ ಮಗು ತನ್ನ ನೋವನ್ನು ಹೇಳಲಾರದು. ಮಾತು ಬರುವ ಮಗುವಿಗೂ “ಎಲ್ಲಿ ನೋಯುತ್ತದೆ, ಎಷ್ಟು ದಿನದಿಂದ?” ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗಬಹುದು. ಎರಡನೆಯದು ದೇಹದೊಳಗಿನ ಸಂವೇದನೆಗಳನ್ನು ಗುರುತಿಸುವ ತೊಡಕು. ಹಸಿವು, ಬಾಯಾರಿಕೆ, ಮಲಮೂತ್ರದ ಒತ್ತಡ, ಹೊಟ್ಟೆನೋವು ಇವುಗಳನ್ನು ಬೇರೆಬೇರೆಯಾಗಿ ತಿಳಿಯಲು ಸ್ವಲೀನತೆಯುಳ್ಳ ಅನೇಕರಿಗೆ ಸಾಧ್ಯವಾಗುವುದಿಲ್ಲ. ಏನೋ ಸಂಕಟವಾಗುತ್ತಿದೆಯೆಂದಷ್ಟೇ ಗೊತ್ತಾಗುತ್ತದೆ. ಮೂರನೆಯದು, ಇವರಿಗೆ ನೋವೇ ಕಡಿಮೆಯೆಂಬ ತಪ್ಪು ನಂಬಿಕೆ. ಕೆನಡಾ ದೇಶದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಕ್ತ ತೆಗೆಯುವಾಗ ಸ್ವಲೀನತೆಯುಳ್ಳ ಎಳೆಯ ಮಕ್ಕಳ ಮುಖಭಾವವನ್ನು ಸೂಕ್ಷ್ಮವಾಗಿ ಪರೀಕ್ಷಿಸಲಾಯಿತು. ಅವರ ಮುಖದಲ್ಲಿ ನೋವಿನ ಚಿಹ್ನೆಗಳು ಸ್ಪಷ್ಟವಾಗಿಯೇ ಇದ್ದವು. ನೋವು ಇದೆ, ಅದು ತೋರಿಬರುವ ದಾರಿ ಮಾತ್ರ ಬೇರೆ.

ಆ ದಾರಿಗಳು ಯಾವುವು? ಇದ್ದಕ್ಕಿದ್ದಂತೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುವುದು, ಕೆನ್ನೆಗೆ ಅಥವಾ ಕಿವಿಗೆ ಹೊಡೆದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಮೇಜಿನ ಅಂಚಿಗೆ ಹೊಟ್ಟೆಯನ್ನು ಒತ್ತಿಕೊಂಡು ನಿಲ್ಲುವುದು, ಅಂಗಿಯನ್ನು ಅಗಿಯುವುದು, ಊಟ ಬಿಡುವುದು, ರಾತ್ರಿಯೆಲ್ಲ ಎದ್ದಿರುವುದು, ಕಲಿತ ಮಾತನ್ನೋ ಶೌಚದ ಅಭ್ಯಾಸವನ್ನೋ ಕಳೆದುಕೊಳ್ಳುವುದು. ಕರುಳಿನ ತೊಂದರೆಯಿರುವ ಸ್ವಲೀನ ಮಗುವಿನಲ್ಲಿ ವರ್ತನೆಯ ಬದಲಾವಣೆಯೊಂದೇ ಕಾಯಿಲೆಯ ಚಿಹ್ನೆಯಾಗಿರಬಹುದೆಂದು 2010ರಲ್ಲಿ ಅಮೆರಿಕದ ತಜ್ಞವೈದ್ಯರ ಮಂಡಲಿಯೊಂದು ಸ್ಪಷ್ಟಪಡಿಸಿತು. ಉಪಾಧ್ಯಾಯರು ನೆನಪಿಡಬೇಕಾದ ಪದ ‘ಬದಲಾವಣೆ’. ಮೊದಲಿನಿಂದಲೂ ಕೈ ಆಡಿಸುತ್ತಿದ್ದ ಹುಡುಗ ಈಗಲೂ ಆಡಿಸುತ್ತಿದ್ದರೆ ಅದು ಅವನ ರೀತಿ. ಶಾಂತನಾಗಿದ್ದವನು ಹದಿನೈದು ದಿನಗಳಿಂದ ಊಟದ ಹೊತ್ತಿಗೆ ಕಿರಿಚುತ್ತಿದ್ದರೆ ಅವನ ಬಾಯಿಯನ್ನೂ ಹೊಟ್ಟೆಯನ್ನೂ ವೈದ್ಯರು ನೋಡಬೇಕು.

ಸಾಮಾನ್ಯವಾಗಿ ಕಣ್ತಪ್ಪುವ ಕಾಯಿಲೆಗಳು

ಮಲಬದ್ಧತೆ: ಸ್ವಲೀನತೆಯುಳ್ಳ ಮಕ್ಕಳಲ್ಲಿ ಜೀರ್ಣಾಂಗಗಳ ತೊಂದರೆಗಳು ಇತರ ಮಕ್ಕಳಿಗಿಂತ ಸುಮಾರು ನಾಲ್ಕುಪಟ್ಟು ಹೆಚ್ಚೆಂದು 2014ರ ಸಮೀಕ್ಷೆಯೊಂದು ಲೆಕ್ಕ ಹಾಕಿತು. ಅವುಗಳಲ್ಲಿ ಮಲಬದ್ಧತೆ ಮುಖ್ಯವಾದುದು. ಗಟ್ಟಿಯಾದ ಮಲವು ಕರುಳಿನಲ್ಲಿ ತುಂಬಿಕೊಂಡಾಗ ತೆಳುವಾದ ಮಲವು ಅದರ ಬದಿಯಿಂದ ಜಾರಿ ಬಟ್ಟೆಯನ್ನು ಕೆಡಿಸುತ್ತದೆ. ನೋಡಿದವರು ಇದನ್ನು ಭೇದಿಯೆಂದೋ ಹಟವೆಂದೋ ತಿಳಿದು ಮಗುವನ್ನು ಗದರಿಸುತ್ತಾರೆ. ಶಾಲೆಯ ಶೌಚಾಲಯದ ವಾಸನೆ, ನೀರಿನ ಸದ್ದು, ಕತ್ತಲೆಗಳಿಗೆ ಅಂಜಿ ದಿನವಿಡೀ ತಡೆದುಕೊಳ್ಳುವ ಮಕ್ಕಳೂ ಉಂಟು. ಸ್ವಚ್ಛವಾದ, ಬೆಳಕಿರುವ, ಸದ್ದಿಲ್ಲದ ಶೌಚಾಲಯವು ಇಂಥ ಮಗುವಿಗೆ ಔಷಧದಷ್ಟೇ ಮುಖ್ಯ.

ಹಲ್ಲು, ಕಿವಿ, ಕಣ್ಣು: ಹಲ್ಲುಜ್ಜುವ ಬ್ರಷ್ಷಿನ ಸ್ಪರ್ಶವನ್ನೇ ಸಹಿಸದ ಮಗುವಿಗೆ ಹುಳುಕು ಹಲ್ಲು ಬರುವುದು ಸುಲಭ, ಬಾಯಿ ತೆರೆಯಲು ಒಪ್ಪದಿರುವುದರಿಂದ ಅದು ಪತ್ತೆಯಾಗುವುದು ಕಷ್ಟ. ಕಿವಿಯೊಳಗೆ ಕೀವಾದ ಮಗು ಕಿವಿಗೆ ಹೊಡೆದುಕೊಳ್ಳುತ್ತದೆ. ಹೆಸರು ಹಿಡಿದು ಕೂಗಿದರೂ ತಿರುಗದ ಮಗುವಿನ ಶ್ರವಣಶಕ್ತಿಯನ್ನು ಅಳೆಯದೆಯೇ ಅದನ್ನು ಸ್ವಲೀನತೆಯ ಲಕ್ಷಣವೆಂದು ಬರೆದುಕೊಳ್ಳುವುದು ತಪ್ಪು. ಎರಡೂ ಒಟ್ಟಿಗೇ ಇರಬಹುದು. ಮಾತಾಡದ ಮಕ್ಕಳ ಶ್ರವಣಶಕ್ತಿಯನ್ನು ಅಳೆಯುವ ಸಾಧನಗಳು 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳಲ್ಲಿವೆ. ಮೆಳ್ಳೆಗಣ್ಣು, ದೃಷ್ಟಿದೋಷಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಕರಿಹಲಗೆಯ ಅಕ್ಷರ ಕಾಣದವನಿಗೆ ಪಾಠದಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವುದು ಸಲ್ಲದು.

ಪೋಷಣೆಯ ಕೊರತೆ: ಬಣ್ಣ, ವಾಸನೆ, ಮೃದುತ್ವಗಳ ಕಾರಣದಿಂದ ಕೆಲವರು ಎರಡು ಮೂರು ಬಗೆಯ ಪದಾರ್ಥಗಳನ್ನು ಮಾತ್ರ ತಿನ್ನುತ್ತಾರೆ. ಬರಿಯ ಬಿಳಿ ಅನ್ನ, ಬಿಸ್ಕತ್ತು, ಹಾಲುಗಳಲ್ಲಿಯೇ ವರ್ಷ ಕಳೆಯುವ ಮಗು ದಷ್ಟಪುಷ್ಟವಾಗಿಯೇ ಕಾಣಬಹುದು. ಆದರೆ ಒಳಗೆ ರಕ್ತಹೀನತೆ, ಎ ಜೀವಸತ್ತ್ವದ ಕೊರತೆಯಿಂದ ಇರುಳುಗುರುಡು, ಡಿ ಜೀವಸತ್ತ್ವದ ಕೊರತೆಯಿಂದ ರಿಕೆಟ್ಸ್ ಬೆಳೆಯಬಹುದು. ಹಿಂದೆ ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವು ಶ್ರೀಮಂತ ದೇಶಗಳ ಸ್ವಲೀನ ಮಕ್ಕಳಲ್ಲಿ ಕಾಣಿಸಿಕೊಂಡಿರುವುದನ್ನು ವೈದ್ಯಕೀಯ ಪತ್ರಿಕೆಗಳು ಪದೇಪದೇ ವರದಿಮಾಡಿವೆ. ಇಂಥ ಮಗು ಕುಂಟುತ್ತದೆ, ಕ್ರಮೇಣ ನಡೆಯಲು ನಿರಾಕರಿಸುತ್ತದೆ, ಒಸಡಿನಿಂದ ರಕ್ತ ಬರುತ್ತದೆ. ನಡೆಯದಿರುವುದನ್ನು ಹಟವೆಂದು ತಿಳಿದರೆ ರೋಗ ಉಲ್ಬಣಿಸುತ್ತದೆ. ಸಿ ಜೀವಸತ್ತ್ವವನ್ನು ಕೊಟ್ಟರೆ ಕೆಲವೇ ದಿನಗಳಲ್ಲಿ ಗುಣ ತೋರುತ್ತದೆ. ಮಣ್ಣು, ಸುಣ್ಣಗಳನ್ನು ತಿನ್ನುವ ಮಗುವಿನ ರಕ್ತಪರೀಕ್ಷೆ ಅಗತ್ಯ. 2015ರಿಂದ ಫೆಬ್ರವರಿ ಮತ್ತು ಆಗಸ್ಟ್ ತಿಂಗಳ 10ರಂದು ನಡೆದುಬಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನು ಉಗುಳಿಬಿಡುವ ಮಗುವೂ ಇದೇ ಆಗಿರುತ್ತದೆಂಬುದನ್ನು ಮರೆಯಬಾರದು.

ನಿದ್ರೆ: ಸ್ವಲೀನತೆಯುಳ್ಳ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ರೆಯ ತೊಂದರೆಯುಂಟು. ಗೊರಕೆ ಹೊಡೆಯುತ್ತ, ಬಾಯಿಯಿಂದ ಉಸಿರಾಡುತ್ತ ಮಲಗುವ ಮಗುವಿನ ಟಾನ್ಸಿಲ್ ಊದಿಕೊಂಡು ಉಸಿರಿಗೆ ಅಡ್ಡಿಯಾಗಿರಬಹುದು. ರಾತ್ರಿ ನಿದ್ರೆಗೆಟ್ಟವನು ಹಗಲು ತರಗತಿಯಲ್ಲಿ ಸಿಡುಕುವುದು ಸಹಜ.

ಪ್ರಾಯ ಮತ್ತು ಔಷಧಗಳು: ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಮುಟ್ಟಿನ ನೋವು ಮಾತಿಲ್ಲದ ಬಾಲಕಿಯಲ್ಲಿ ತಿಂಗಳಿಗೊಮ್ಮೆ ಬರುವ ‘ಸಿಟ್ಟಿ’ನಂತೆ ತೋರಬಹುದು. ತಾರೀಖುಗಳನ್ನು ಬರೆದಿಟ್ಟರೆ ಸಂಗತಿ ತಾನಾಗಿ ಸ್ಪಷ್ಟವಾಗುತ್ತದೆ. ಇನ್ನು, ಸ್ವಲೀನ ಮಕ್ಕಳ ತೀವ್ರ ಸಿಡುಕಿಗೆ ರಿಸ್ಪೆರಿಡೋನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2006ರಲ್ಲಿ ಮಾನ್ಯತೆ ದೊರೆಯಿತು. ನಮ್ಮಲ್ಲಿಯೂ ವೈದ್ಯರು ಅದನ್ನು ಬರೆಯುವುದುಂಟು. ಅದರಿಂದ ಹಸಿವೂ ತೂಕವೂ ವಿಪರೀತವಾಗಿ ಹೆಚ್ಚಬಹುದು. ಆದುದರಿಂದ ಅದನ್ನು ಸೇವಿಸುವ ವಿದ್ಯಾರ್ಥಿಯ ತೂಕ, ರಕ್ತದ ಸಕ್ಕರೆಗಳನ್ನು ಆಗಾಗ ಪರೀಕ್ಷಿಸತಕ್ಕದ್ದು. ಹಲ್ಲುನೋವಿನಿಂದ ಹುಟ್ಟಿದ ಸಿಡುಕಿಗೆ ಈ ಔಷಧ ಕೊಟ್ಟರೆ ಮಗು ಮಂಕಾಗುತ್ತದೆ, ಹಲ್ಲು ಹಾಗೆಯೇ ಕೊಳೆಯುತ್ತದೆ.

ಮೂರ್ಛೆರೋಗ: ಒಂದು ಮರಣದ ಪಾಠ

ಇವೆಲ್ಲಕ್ಕಿಂತ ಗಂಭೀರವಾದುದು ಮೂರ್ಛೆರೋಗ, ಜನರು ಫಿಟ್ಸ್ ಎಂದು ಕರೆಯುವ ಕಾಯಿಲೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಬರುತ್ತದೆ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ವಲೀನತೆಯೊಡನೆ ಬುದ್ಧಿಮಾಂದ್ಯವೂ ಇರುವವರಲ್ಲಿ ಐವರಿಗೆ ಒಬ್ಬರಂತೆ, ಬುದ್ಧಿಮಾಂದ್ಯವಿಲ್ಲದವರಲ್ಲಿ ನೂರಕ್ಕೆ ಎಂಟು ಮಂದಿಯಂತೆ ಇದು ಕಂಡುಬಂದಿತು. ಎಳವೆಯಲ್ಲಿ ಬಾರದಿದ್ದರೂ ಹದಿಹರೆಯದಲ್ಲಿ ಹೊಸದಾಗಿ ತೋರಬಹುದು. ಕೈಕಾಲು ಅದುರದೆ, ಕೆಲವು ಕ್ಷಣ ನೋಟ ನಿಂತುಹೋಗುವ ಬಗೆಯೂ ಉಂಟು. ಅದನ್ನು ‘ತನ್ನ ಲೋಕದಲ್ಲಿ ಮುಳುಗಿದ್ದಾನೆ’ ಎಂದು ತಿಳಿಯುವವರೇ ಹೆಚ್ಚು.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಚಿಕಿತ್ಸಾಗೃಹವೊಂದರಲ್ಲಿ 2013ನೆಯ ಜುಲೈ 4ರಂದು ಕಾನರ್ ಸ್ಪ್ಯಾರೋಹಾಕ್ ಎಂಬ 18 ವರ್ಷದ ತರುಣ ತೀರಿಕೊಂಡ. ಅವನಿಗೆ ಸ್ವಲೀನತೆ, ಕಲಿಕೆಯ ನ್ಯೂನತೆ, ಮೂರ್ಛೆರೋಗ ಮೂರೂ ಇದ್ದವು. ಮಗ ನಾಲಿಗೆ ಕಚ್ಚಿಕೊಂಡಿರುವುದನ್ನು ಕೆಲವು ವಾರಗಳ ಹಿಂದೆಯೇ ಕಂಡ ತಾಯಿ, ಫಿಟ್ಸ್ ಬಂದಿರಬಹುದೆಂದು ಅಲ್ಲಿಯವರಿಗೆ ತಿಳಿಸಿದ್ದರು. ಆ ಮಾತಿಗೆ ತಕ್ಕ ಬೆಲೆ ಸಿಗಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಒಬ್ಬನೇ ಇದ್ದಾಗ ಮೂರ್ಛೆ ಬಂದು ಅವನು ಮುಳುಗಿದ. ಈ ಸಾವನ್ನು ತಪ್ಪಿಸಬಹುದಾಗಿತ್ತೆಂದು 2014ರ ಸ್ವತಂತ್ರ ವರದಿ ಹೇಳಿತು. ನಿರ್ಲಕ್ಷ್ಯವೂ ಅದಕ್ಕೆ ಕಾರಣವೆಂದು 2015ರಲ್ಲಿ ಮರಣ ವಿಚಾರಣೆಯ ಪಂಚರು ತೀರ್ಪಿತ್ತರು. ಸಿಬ್ಬಂದಿ, ಔಷಧ, ಕಟ್ಟಡಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಮಗನನ್ನು ಬಲ್ಲ ತಾಯಿಯ ಮಾತನ್ನು ಕೇಳುವ ಕಿವಿಗೆ ಕೊರತೆಯಿತ್ತು.

ಇದು ಒಂಟಿ ಘಟನೆಯೆಂದು ಭಾವಿಸಲಾಗದು. ಸ್ವೀಡನ್ ದೇಶದಲ್ಲಿ ಸ್ವಲೀನತೆಯುಳ್ಳ 27 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ 2016ರ ಅಧ್ಯಯನದ ಪ್ರಕಾರ, ಅವರಲ್ಲಿ ಮೃತರಾದವರ ಸರಾಸರಿ ವಯಸ್ಸು ಸುಮಾರು 54. ಹೋಲಿಕೆಗೆ ತೆಗೆದುಕೊಂಡ ಇತರ ಜನರಲ್ಲಿ ಸುಮಾರು 70. ಬುದ್ಧಿಮಾಂದ್ಯವೂ ಇದ್ದವರಲ್ಲಿ ಅದು 40ರ ಆಸುಪಾಸಿಗೆ ಇಳಿದಿತ್ತು. ಮೂರ್ಛೆರೋಗವು ಅಲ್ಲಿ ಒಂದು ಪ್ರಮುಖ ಕಾರಣವಾಗಿತ್ತು. ಸ್ವಲೀನತೆ ತಾನಾಗಿ ಪ್ರಾಣ ತೆಗೆಯುವಂಥದಲ್ಲ. ಅದರ ನೆರಳಿನಲ್ಲಿ ಉಳಿದುಹೋದ ಕಾಯಿಲೆಗಳು ಪ್ರಾಣಾಂತಿಕವಾಗಬಲ್ಲವು.

ಎರಡು ಎಚ್ಚರಿಕೆಗಳು

ಮೊದಲನೆಯದಾಗಿ, ಪ್ರತಿಯೊಂದು ಚಡಪಡಿಕೆಗೂ ಕಾಯಿಲೆಯೇ ಕಾರಣವಲ್ಲ. ಗಂಟೆಯ ಸದ್ದು, ದಿನಚರಿಯ ಬದಲಾವಣೆ, ಸಹಪಾಠಿಗಳ ಗೇಲಿಗಳೂ ಮಗುವನ್ನು ಕದಡಬಲ್ಲವು. ದೇಹವನ್ನು ಮೊದಲು ಪರೀಕ್ಷಿಸಿ, ಆಮೇಲೆ ಇತರ ಕಾರಣಗಳನ್ನು ಹುಡುಕುವುದು ಸರಿಯಾದ ಕ್ರಮ.

ಎರಡನೆಯದಾಗಿ, ದೇಹದ ಕಾಯಿಲೆಗೆ ಚಿಕಿತ್ಸೆ ಮಾಡಿಸುವುದೆಂದರೆ ಸ್ವಲೀನತೆಯನ್ನೇ ‘ವಾಸಿ’ ಮಾಡುವುದಲ್ಲ. ಲಸಿಕೆ, ಕರುಳು, ಸ್ವಲೀನತೆಗಳಿಗೆ ಸಂಬಂಧ ಕಲ್ಪಿಸಿ 1998ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಲಕ್ಷಾಂತರ ಮಕ್ಕಳ ಅಧ್ಯಯನಗಳಲ್ಲಿ ಲಸಿಕೆಗೂ ಸ್ವಲೀನತೆಗೂ ಸಂಬಂಧ ಕಂಡುಬರಲಿಲ್ಲ. ಆದುದರಿಂದ ಲಸಿಕೆ ತಪ್ಪಿಸುವುದು, ವೈದ್ಯರ ಸಲಹೆಯಿಲ್ಲದೆ ಗೋಧಿ ಹಾಲುಗಳನ್ನು ಬಿಡಿಸುವುದು, ದೇಹದಿಂದ ಲೋಹ ತೆಗೆಯುವೆವೆಂದು ಜಾಹೀರಾತು ಮಾಡುವವರ ಕಡೆಗೆ ಹೋಗುವುದು ಇವೆಲ್ಲ ಅಪಾಯಕರ.

ಶಾಲೆ, ಪ್ರಸಾದನಿಲಯಗಳ ಕರ್ತವ್ಯ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಸ್ವಲೀನತೆಯೂ ಸೇರಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವೈದ್ಯರ ತಂಡ ವರ್ಷಕ್ಕೊಮ್ಮೆ ಬರುವ ಏರ್ಪಾಡಾಯಿತು. ಆದರೆ ಅಪರಿಚಿತ ವೈದ್ಯರ ಮುಂದೆ ಸಾಲಿನಲ್ಲಿ ನಿಲ್ಲಲಾರದ ಮಗು ಆ ದಿನ ಮೂಲೆಯಲ್ಲಿ ಉಳಿದು, ಪಟ್ಟಿಯಲ್ಲಿ ‘ಸಹಕರಿಸಲಿಲ್ಲ’ ಎಂದು ದಾಖಲಾಗುವ ಸಂಭವವೇ ಹೆಚ್ಚು. ಇದನ್ನು ತಡೆಯುವುದು ಶಾಲೆಯ ಕೈಯಲ್ಲಿದೆ. ಅದಕ್ಕಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಇಂಥ ಪ್ರತಿ ವಿದ್ಯಾರ್ಥಿಗೂ ಒಂದು ದಿನಚರಿ ಪುಸ್ತಕವಿರಲಿ. ಊಟ, ನಿದ್ರೆ, ಮಲವಿಸರ್ಜನೆ, ತೂಕ, ವರ್ತನೆಯಲ್ಲಿ ಕಂಡ ಬದಲಾವಣೆ ಇವನ್ನು ತಾರೀಖಿನೊಡನೆ ಬರೆದಿಡತಕ್ಕದ್ದು. ವೈದ್ಯರಿಗೆ ಮಗು ಹೇಳಲಾರದ ಚರಿತ್ರೆಯನ್ನು ಈ ಪುಸ್ತಕ ಹೇಳುತ್ತದೆ.

2. ನೋವಿಲ್ಲದಾಗ ಮಗು ಹೇಗಿರುತ್ತದೆ, ನೋವಾದಾಗ ಏನು ಮಾಡುತ್ತದೆ ಎಂಬುದನ್ನು ತಾಯಿಯಿಂದ ಕೇಳಿ ಮೊದಲ ಪುಟದಲ್ಲಿಯೇ ಬರೆದುಕೊಳ್ಳಬೇಕು. “ಇವನು ಎಂದಿನಂತಿಲ್ಲ” ಎಂದು ತಾಯಿ ಹೇಳಿದರೆ ಅದನ್ನು ಸಾಕ್ಷ್ಯವೆಂದೇ ಎಣಿಸಬೇಕು.

3. ವೈದ್ಯರ ಪರೀಕ್ಷೆಯನ್ನು ಮೊದಲೇ ಅಭ್ಯಾಸ ಮಾಡಿಸಬಹುದು. ಬಾಯಿ ತೆರೆಯುವುದು, ಕಿವಿಗೆ ದೀಪ ಹಿಡಿಸಿಕೊಳ್ಳುವುದು, ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳುವುದು ಇವನ್ನು ಚಿತ್ರಗಳ ಮೂಲಕ ದಿನಕ್ಕೆ ಐದು ನಿಮಿಷದಂತೆ ಕಲಿಸಿದರೆ ತಂಡ ಬಂದ ದಿನ ಮಗು ಅಂಜುವುದಿಲ್ಲ. ದೇಹದ ಚಿತ್ರದಲ್ಲಿ ನೋಯುವ ಸ್ಥಳವನ್ನು ಮುಟ್ಟಿ ತೋರಿಸಲು ಕಲಿಸುವುದು ಅಕ್ಷರಾಭ್ಯಾಸದಷ್ಟೇ ಅಗತ್ಯವಾದ ಪಾಠ.

4. ಮೂರ್ಛೆರೋಗವಿರುವ ವಿದ್ಯಾರ್ಥಿಯನ್ನು ಬಾವಿ, ಕೆರೆ, ಕಲ್ಯಾಣಿಗಳ ಬಳಿ ಒಬ್ಬನನ್ನೇ ಬಿಡಬಾರದು. ಸ್ನಾನದ ಮನೆಯ ಅಗುಳಿ ಹಾಕದಂತೆ ನೋಡಿಕೊಂಡು, ಹೊರಗೆ ಒಬ್ಬರು ಇರಬೇಕು. ಮೂರ್ಛೆ ಬಂದಾಗ ಮಗುವನ್ನು ಮಗ್ಗುಲಾಗಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ಮೆತ್ತನೆಯ ಬಟ್ಟೆಯಿಟ್ಟು, ಗಡಿಯಾರ ನೋಡಬೇಕು. ಬಾಯಿಗೆ ಚಮಚವನ್ನೋ ನೀರನ್ನೋ ಹಾಕುವುದು, ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಐದು ನಿಮಿಷ ಮೀರಿದರೆ ಒಡನೆ ಆಸ್ಪತ್ರೆಗೆ ಒಯ್ಯಬೇಕು.

ಪ್ರಸಾದನಿಲಯಗಳ ಹೊಣೆ ಇನ್ನೂ ಹೆಚ್ಚಿನದು. ಮನೆಯಲ್ಲಾದರೆ ಮಗ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ತಾಯಿ ನೋಡುತ್ತಾಳೆ, ರಾತ್ರಿ ಹೊರಳಾಡಿದ್ದನ್ನು ಬಲ್ಲಳು. ನೂರಾರು ಮಕ್ಕಳ ಪಂಕ್ತಿಯಲ್ಲಿ ಕುಳಿತು ಸುಮ್ಮನೆ ಎದ್ದುಹೋಗುವ ಒಬ್ಬನನ್ನು ಯಾರು ಗಮನಿಸಬೇಕು? ಆ ಕೆಲಸಕ್ಕೆ ನಿಲಯಪಾಲಕರಲ್ಲಿ ಒಬ್ಬರನ್ನು ಹೆಸರು ಹೇಳಿ ನೇಮಿಸುವುದು ಯುಕ್ತ. ಅನೇಕ ವೇಳೆ ಅಡುಗೆಯವರು, ಕಸ ಗುಡಿಸುವವರು ಉಪಾಧ್ಯಾಯರಿಗಿಂತ ಮೊದಲು ಬದಲಾವಣೆಯನ್ನು ಕಂಡಿರುತ್ತಾರೆ. ಅವರ ಮಾತೂ ಆ ಪುಸ್ತಕದಲ್ಲಿ ಸೇರಬೇಕು.

ದಾನಿಗಳು ಮತ್ತು ಹಿರಿಯ ವಿದ್ಯಾರ್ಥಿಗಳು ಕಟ್ಟಡಗಳಿಗೆ ನೀಡುವ ನೆರವಿನ ಒಂದು ಅಂಶವನ್ನು ಇತ್ತ ತಿರುಗಿಸಿದರೆ ಬಹಳ ಉಪಕಾರವಾದೀತು. ವರ್ಷಕ್ಕೆರಡು ಸಲ ದಂತವೈದ್ಯರ ಭೇಟಿ, ಶ್ರವಣಪರೀಕ್ಷೆಗೆ ಮೈಸೂರಿಗೋ ಜಿಲ್ಲಾ ಆಸ್ಪತ್ರೆಗೋ ಹೋಗಿಬರುವ ಖರ್ಚು, ಬಡ ತಾಯಿಯೊಬ್ಬಳು ಅದಕ್ಕಾಗಿ ಕಳೆದುಕೊಳ್ಳುವ ದಿನಗೂಲಿ, ಸ್ವಚ್ಛವಾದ ಒಂದು ಶೌಚಾಲಯ, ಇವು ದೊಡ್ಡ ಮೊತ್ತದ ಕೆಲಸಗಳಲ್ಲ. ಹಿರಿಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ತಮ್ಮ ಚಿಕಿತ್ಸಾಲಯದಲ್ಲಿ ಜನಸಂದಣಿಯಿಲ್ಲದ ಒಂದು ಗಂಟೆಯನ್ನು ಇಂಥ ಮಕ್ಕಳಿಗಾಗಿ ಮೀಸಲಿಟ್ಟರೆ ಅದೂ ಒಂದು ದಾಸೋಹವೇ.

ಅನ್ನ, ಅಕ್ಷರ, ಆಶ್ರಯಗಳನ್ನು ಕೇಳಿದವರಿಗೆಲ್ಲ ನೀಡುವುದು ಶರಣಪರಂಪರೆಯ ಮಠಗಳು ನಡೆಸಿಕೊಂಡು ಬಂದ ಧರ್ಮ. ಇಲ್ಲಿ ಹೇಳಿದ ಮಕ್ಕಳಲ್ಲಿ ಎಷ್ಟೋ ಮಂದಿ ಕೇಳಲಾರರು. ಹಸಿದವನು ಬಾಗಿಲಿಗೆ ಬಂದು ಕೂಗುತ್ತಾನೆ. ನೋವನ್ನು ಹೇಳಲಾರದ ಮಗುವಿನ ಬಳಿಗೆ ನಾವೇ ಹೋಗಿ ಕೇಳಬೇಕಾಗುತ್ತದೆ. ಎಂದಿನಂತಿಲ್ಲದ ಮಗುವನ್ನು ಕಂಡಾಗ ಉಪಾಧ್ಯಾಯರು ಹೆಸರನ್ನೂ ಹಣೆಪಟ್ಟಿಯನ್ನೂ ಬದಿಗಿಟ್ಟು, “ಮೈಯಲ್ಲಿ ಏನಾಗಿದೆ?” ಎಂಬ ಹಳೆಯ ಪ್ರಶ್ನೆಯನ್ನು ಇವರ ವಿಷಯದಲ್ಲಿಯೂ ಮೊದಲು ಕೇಳುವಂತಾದರೆ, ಎಷ್ಟೋ ಎಳೆಯ ಜೀವಗಳ ಸಂಕಟ ನೀಗೀತು.